ಚೋಯಾ ಕಳ್ಳಿಯ ಹಾಡುಹಕ್ಕಿ: ಇಳಿಕೆಯ ಲೆಕ್ಕ ಹಿಡಿಯುವ ಬಗೆ

ಸ್ಟಾರ್ಟ್ ಆಗಲು ಒದ್ದಾಡುವ ಹಳೇ ಕಾರಿನ ಎಂಜಿನ್ನಿನಂಥ ಕೂಗು ಕ್ಯಾಕ್ಟಸ್ ರೆನ್ ಹಕ್ಕಿಯದು. ಉತ್ತರ ಅಮೆರಿಕದ ಸೊನೋರಾ, ಮೊಹಾವಿ ಮರುಭೂಮಿಗಳ ಈ ಹಕ್ಕಿ ಚೋಯಾ ಕಳ್ಳಿಯ ಮುಳ್ಳುಗಳ ನಡುವೆ ಒಣಹುಲ್ಲಿನ ಗೂಡು ಹೆಣೆಯುತ್ತದೆ. ಪಕ್ಕದಿಂದ ಒಳಗೆ ನುಸುಳಲು ಸುರಂಗದಂಥ ದಾರಿ. ಗೂಡು ದೂರದಿಂದಲೇ ಕಾಣುವುದರಿಂದ ಅದನ್ನೇ ಎಣಿಸಿಬಿಡೋಣ ಅನ್ನಿಸುತ್ತದೆ. ಎಣಿಸಬಾರದು. ಒಂದೇ ಜೋಡಿ ಹಲವು ಗೂಡು ಕಟ್ಟುತ್ತದೆ, ರಾತ್ರಿ ತಂಗಲೂ ಗೂಡು ಬಳಸುತ್ತದೆ, ಖಾಲಿಯಾದ ಗೂಡೂ ಅಲ್ಲೇ ಉಳಿದಿರುತ್ತದೆ.

ಹಾಗಾಗಿ ಕಿವಿಯೇ ಗತಿ. ಉತ್ತರ ಅಮೆರಿಕದಲ್ಲಿ 1966ರಲ್ಲಿ ಶುರುವಾದ ಬ್ರೀಡಿಂಗ್ ಬರ್ಡ್ ಸರ್ವೆಯಲ್ಲಿ (ಮರಿಮಾಡುವ ಕಾಲದ ಹಕ್ಕಿಗಳ ಗಣತಿ) ಸುಮಾರು 40 ಕಿ.ಮೀ. ರಸ್ತೆಯುದ್ದಕ್ಕೂ 50 ಕಡೆ ನಿಂತು, ಪ್ರತಿ ಕಡೆ 3 ನಿಮಿಷ, ಕಂಡದ್ದು ಕೇಳಿದ್ದು ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಹೊರಡುವುದು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ. ಐವತ್ತನೇ ಜಾಗ ತಲುಪುವಷ್ಟರಲ್ಲಿ ಬಿಸಿಲೇರಿ ಎಷ್ಟೋ ಹಕ್ಕಿಗಳು ಸುಮ್ಮನಾಗಿರುತ್ತವೆ. ಪ್ರತಿವರ್ಷ ಅದೇ ತುದಿಯಿಂದ ಶುರುಮಾಡದಿದ್ದರೆ ಹಿಂದಿನ ಲೆಕ್ಕದ ಜತೆ ಹೋಲಿಸಲು ಬರುವುದಿಲ್ಲ. ಎಣಿಸುವವರು ಬದಲಾದರೆ, ಅವರ ಕಿವಿ ಮಂದವಾದರೆ, ಆ ವ್ಯತ್ಯಾಸವೂ ಹಕ್ಕಿಯ ಖಾತೆಗೇ ಬೀಳುತ್ತದೆ.

ಇದಕ್ಕಿಂತ ದೊಡ್ಡ ತೊಡಕು ‘ಸೊನ್ನೆ’ಯದು: ಪತ್ತೆಯಾಗಲಿಲ್ಲ ಎಂದ ಮಾತ್ರಕ್ಕೆ ಹಕ್ಕಿ ಅಲ್ಲಿಲ್ಲ ಎಂದಲ್ಲ. ಇರುವ ಹಕ್ಕಿ ಒಂದು ಭೇಟಿಯಲ್ಲಿ ಪತ್ತೆಯಾಗುವ ಸಾಧ್ಯತೆ ಶೇ. 40 ಎಂದಿಟ್ಟುಕೊಳ್ಳಿ. ಮೂರು ಸಲ ಹೋದರೂ ತಪ್ಪಿಹೋಗುವ ಸಾಧ್ಯತೆ 0.6 × 0.6 × 0.6, ಅಂದರೆ ಸುಮಾರು ಶೇ. 22. ಒಂದೇ ಋತುವಿನಲ್ಲಿ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ಈ ತಪ್ಪನ್ನು ಅಂದಾಜಿಸಿ ಕಳೆಯುವುದಕ್ಕಾಗಿಯೇ.

ಆಮೇಲೆ ಮಳೆ. ಒಳ್ಳೆ ಮಳೆಯಾದರೆ ಕೀಟ ಹೆಚ್ಚಿ ಮರಿಗಳು ಹೆಚ್ಚು ಬದುಕುತ್ತವೆ, ಬರಗಾಲದಲ್ಲಿ ತದ್ವಿರುದ್ಧ. ಮಳೆ ಚೆನ್ನಾಗಿದ್ದ ವರ್ಷದಿಂದ ಎಣಿಕೆ ಶುರುಮಾಡಿ ಐದೇ ವರ್ಷಕ್ಕೆ ನಿಲ್ಲಿಸಿದರೆ ಏನೂ ಆಗದ ಹಕ್ಕಿಯೂ ಕುಸಿದಂತೆ ಕಾಣುತ್ತದೆ. ನಿಜವಾದ ಕುಸಿತವಾದರೋ ಈ ಏರಿಳಿತದಡಿ ಅಡಗಿಬಿಡುತ್ತದೆ: ವರ್ಷಕ್ಕೆ ಶೇ. 1.5ರ ಇಳಿಕೆ ಯಾರ ಕಣ್ಣಿಗೂ ಬೀಳದು, ಆದರೆ 50 ವರ್ಷದಲ್ಲಿ 100 ಹಕ್ಕಿಗಳು 47ಕ್ಕೆ ಇಳಿದಿರುತ್ತವೆ.

ಹಳೆಯ ಟಿಪ್ಪಣಿಗಳಿಗೆ ಇಷ್ಟು ಬೆಲೆ ಬಂದದ್ದು ಇದರಿಂದಲೇ. ಮೊಹಾವಿಯಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಜೋಸೆಫ್ ಗ್ರಿನೆಲ್ ಮತ್ತು ಸಂಗಡಿಗರು ಕಳೆದ ಶತಮಾನದ ಮೊದಲ ದಶಕಗಳಲ್ಲೇ ಸ್ಥಳ, ದಿನಾಂಕ ಸಮೇತ ಹಕ್ಕಿಗಳನ್ನು ದಾಖಲಿಸಿದ್ದರು. ಅಂಥ 61 ತಾಣಗಳಲ್ಲಿ ಮತ್ತೆ ಎಣಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತಾಣವೊಂದರಲ್ಲಿ ಸಿಗುವ ಹಕ್ಕಿ ಪ್ರಭೇದಗಳು ಸರಾಸರಿ ಶೇ. 43 ಕಡಿಮೆಯಾಗಿದ್ದವು, ಮುಖ್ಯ ಕಾರಣ ಮಳೆಯ ಇಳಿಕೆ. ನೆಲದ ಮೇಲೆ ನೀರು ಉಳಿದಿದ್ದ ತಾಣಗಳಲ್ಲಿ ನಷ್ಟ ಕಡಿಮೆಯಿತ್ತು.