ಕೆಂಪು ದ್ರಾವಣ ನೀಲಿಗೆ ತಿರುಗಿದರೆ

ಗರ್ಭಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆ ಬಹಳಷ್ಟು ಸಲ ಶಾಯಿಯದಲ್ಲ, ಚಿನ್ನದ್ದು. 40 ನ್ಯಾನೊಮೀಟರ್ ಆಸುಪಾಸಿನ ಕಣಗಳು ಮೈತುಂಬ ಪ್ರತಿಕಾಯ ಹೊತ್ತು ಅಲ್ಲಿ ಬಂದು ನಿಂತಿರುತ್ತವೆ. ಕಣ ತಯಾರಿಸುವುದು ಅಂಥ ಕಷ್ಟವೇನಲ್ಲ. ಅದರ ಮೈಯನ್ನು ಹದಕ್ಕೆ ತರುವುದೇ ನಿಜವಾದ ಕೆಲಸ.

ಕಣ ತಯಾರಿಸಲು 1951ರಲ್ಲಿ ವಿಜ್ಞಾನಿ ಟರ್ಕೆವಿಚ್ ತೋರಿಸಿದ, 1973ರಲ್ಲಿ ಇನ್ನೊಬ್ಬ ವಿಜ್ಞಾನಿ ಫ್ರೆನ್ಸ್ ಅಳತೆ ಕಟ್ಟಿಕೊಟ್ಟ ವಿಧಾನ ಇಂದಿಗೂ ಬಳಕೆಯಲ್ಲಿದೆ. ಚಿನ್ನದ ಲವಣವಾದ ಕ್ಲೋರೊಆರಿಕ್ ಆಮ್ಲದ 0.01% ದ್ರಾವಣ 50 ಮಿ.ಲೀ. ಕುದಿಸಿ, 1% ಸೋಡಿಯಂ ಸಿಟ್ರೇಟನ್ನು ಒಂದೇ ಸಲಕ್ಕೆ ಸುರಿಯಬೇಕು. 1 ಮಿ.ಲೀ. ಹಾಕಿದರೆ ಸುಮಾರು 16 ನ್ಯಾನೊಮೀಟರಿನ ಕಣ, ಅರ್ಧ ಮಿ.ಲೀ.ಗೆ 41. ಮಸುಕು ನೀಲಿ ಮೊದಲು ಕಾಣಿಸಿ, ಒಂದೆರಡು ನಿಮಿಷದಲ್ಲಿ ಮಾಣಿಕ್ಯದ ಕೆಂಪಿಗೆ ತಿರುಗುತ್ತದೆ. ಫ್ಲಾಸ್ಕನ್ನು ಚಿನ್ನವನ್ನೂ ಕರಗಿಸುವ ಆಮ್ಲ ಮಿಶ್ರಣ ಅಕ್ವಾ ರೀಜಿಯಾದಲ್ಲಿ ತೊಳೆದಿರಲೇಬೇಕು. ಗಾಜಿಗೆ ಅಂಟಿದ ಹಳೆಯ ಚಿನ್ನದ ಮೇಲೆಯೇ ಹೊಸದು ಬೆಳೆದು ಗಾತ್ರ ಕೆಡುತ್ತದೆ. ಲೋಹದ ಚಮಚ ಮುಟ್ಟಿಸಿದರೆ ಚಿನ್ನದ ಲವಣವೇ ಅದನ್ನು ಕೊರೆಯುತ್ತದೆ.

ಈ ಕಣಗಳನ್ನು ದೂರ ದೂರ ಇಟ್ಟಿರುವುದು ಸಿಟ್ರೇಟಿನ ಋಣ ವಿದ್ಯುದಂಶ ಮಾತ್ರ. ಉಪ್ಪು ಬಿದ್ದರೆ ಆ ವಿಕರ್ಷಣೆ ಮಂಕಾಗಿ ಕಣಗಳು ಒಂದಕ್ಕೊಂದು ಅಂಟುತ್ತವೆ, ದ್ರಾವಣ ನೀಲಿಯಾಗುತ್ತದೆ. ಹೊಸಬರು ಎಡವುವುದು ಇಲ್ಲೇ: ಪ್ರತಿಕಾಯದ ಸೀಸೆಯಲ್ಲಿರುವ ಬಫರ್ ಉಪ್ಪನ್ನು ಮರೆತು ನೇರವಾಗಿ ಸುರಿದುಬಿಡುತ್ತಾರೆ. ಡಯಾಲಿಸಿಸ್ ಮಾಡಿ ಉಪ್ಪು ಇಳಿಸಿದ ಮೇಲೆಯೇ ಬಳಸಬೇಕು.

ಪ್ರತಿಕಾಯ ಎಷ್ಟು ಬೇಕೆಂದು ಹೇಳುವುದೂ ಅದೇ ಉಪ್ಪು: ಪ್ರತಿಕಾಯ ಸಾಕಷ್ಟು ಹೊತ್ತ ಕಣ ಉಪ್ಪು ಬಿದ್ದರೂ ಕೆಂಪಾಗಿಯೇ ಇರುತ್ತದೆ. ಮೊದಲು ಪೊಟ್ಯಾಸಿಯಂ ಕಾರ್ಬೊನೇಟ್ ಹನಿಸಿ ಪಿಎಚ್ 8.5–9ಕ್ಕೆ ತನ್ನಿ. ಬರಿಯ ಚಿನ್ನದ ದ್ರಾವಣಕ್ಕೆ ಪಿಎಚ್ ಮೀಟರಿನ ಎಲೆಕ್ಟ್ರೋಡ್ ಅದ್ದಬೇಡಿ, ಅದರ ರಂಧ್ರ ಕಟ್ಟಿಕೊಳ್ಳುತ್ತದೆ; ಪಿಎಚ್ ಕಾಗದ ಸಾಕು. ಹತ್ತು ಟ್ಯೂಬುಗಳಿಗೆ ತಲಾ 1 ಮಿ.ಲೀ. ಚಿನ್ನ ಹಾಕಿ, ಒಂದಕ್ಕಿಂತ ಒಂದಕ್ಕೆ ಪ್ರತಿಕಾಯ ಏರಿಸುತ್ತಾ ಹೋಗಿ. ಹತ್ತು ನಿಮಿಷ ಬಿಟ್ಟು ಪ್ರತಿಯೊಂದಕ್ಕೂ 100 ಮೈಕ್ರೊಲೀಟರ್ 10% ಉಪ್ಪುನೀರು. ಮೊದಲಿನವು ನೀಲಿಯಾಗುತ್ತವೆ, ನಡುವೆ ಒಂದೆರಡು ನೇರಳೆ, ಉಳಿದವು ಕೆಂಪಾಗಿಯೇ ನಿಲ್ಲುತ್ತವೆ. ಕೆಂಪು ಉಳಿಸಿದ ಅತಿ ಕಡಿಮೆ ಪ್ರಮಾಣಕ್ಕೆ ಶೇ 10–20 ಸೇರಿಸಿಕೊಳ್ಳಿ. ಬಳಿಕ ಬಿಎಸ್‌ಎ ಎಂಬ ಹಸುವಿನ ರಕ್ತದ ಪ್ರೋಟೀನು ಹಾಕಿ ಉಳಿದ ಖಾಲಿ ಜಾಗ ಮುಚ್ಚಬೇಕು. ಸೆಂಟ್ರಿಫ್ಯೂಜಿನಲ್ಲಿ ಜೋರಾಗಿ ತಿರುಗಿಸಿ ತಳದಲ್ಲಿ ಗಟ್ಟಿ ಚಕ್ಕೆ ಕಟ್ಟಿಸಿದಿರೋ, ಅದು ಮತ್ತೆ ಕರಗಿ ಬಿಡಿಬಿಡಿಯಾಗದು.

ರಕ್ತಕ್ಕೆ ಇಳಿಯಬೇಕಾದ ಕಣದ ಮಾತೇ ಬೇರೆ. ರಕ್ತದ ಪ್ರೋಟೀನುಗಳು ಕ್ಷಣಗಳಲ್ಲೇ ಮುತ್ತಿ, ನಾವು ಕಷ್ಟಪಟ್ಟು ಕೂರಿಸಿದ ಪ್ರತಿಕಾಯವನ್ನೇ ಮರೆಮಾಡಬಹುದು. ಯಕೃತ್ತು, ಗುಲ್ಮಗಳ ಭಕ್ಷಕ ಕೋಶಗಳು ಕಣವನ್ನು ನುಂಗಿಬಿಡುತ್ತವೆ. ತುದಿಯಲ್ಲಿ ಗಂಧಕವಿರುವ ಪಿಇಜಿ (ಪಾಲಿಇಥಿಲೀನ್ ಗ್ಲೈಕಾಲ್) ಎಂಬ ಪಾಲಿಮರ್ ಸರಪಳಿ ಚಿನ್ನಕ್ಕೆ ಗಟ್ಟಿಯಾಗಿ ಕಚ್ಚಿಕೊಂಡು ಈ ಮುತ್ತಿಗೆಯನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಶುದ್ಧ ನೀರಿನಲ್ಲಿ ಅಳೆದ ಗಾತ್ರವನ್ನು ನಂಬಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಸೀರಮ್ಮಿನಲ್ಲಿ 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂದು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡಿ. 520 ನ್ಯಾನೊಮೀಟರಿನ ಹತ್ತಿರದ ಶಿಖರ ಕೆಲವೇ ನ್ಯಾನೊಮೀಟರ್ ಸರಿದಿದ್ದರೆ ಪದರ ಕೂತಿದೆಯಷ್ಟೆ. 600ರಾಚೆ ಅಗಲವಾದ ದಿಬ್ಬ ಎದ್ದಿದ್ದರೆ ಕಣಗಳು ಗುಂಪುಗೂಡಿವೆ, ಆ ಸಲದ ದ್ರಾವಣವನ್ನು ಚೆಲ್ಲಿ.