ಪಿಂಗ್ ಹೋಗುತ್ತಿದೆ, ಆದರೂ ಪೇಜ್ ತೆರೆಯುತ್ತಿಲ್ಲ

"ಪಿಂಗ್ ಹೋಗ್ತಾ ಇದೆ ಸಾರ್, ನೆಟ್‌ವರ್ಕ್ ಸರಿಯಾಗೇ ಇದೆ." ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಪಿಂಗ್ ಅಂದರೆ ಇನ್ನೊಂದು ಕಂಪ್ಯೂಟರ್‌ಗೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೋ ಅಂತ ನೋಡುವ ಪ್ರೋಗ್ರಾಂ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಪಿಂಗ್‌ಗೆ ಉತ್ತರ ಬಂತು ಅಂದ ತಕ್ಷಣ ಎಲ್ಲರೂ ಸರ್ವರ್ ಮೇಲೆ ಗೂಬೆ ಕೂರಿಸಲು ಹೊರಡುತ್ತಾರೆ. ಅದೂ ನಡೆಯದಿದ್ದರೆ ರೂಟರ್ ರೀಸ್ಟಾರ್ಟ್. ಕಾಯಿಲೆ ಏನು ಅಂತ ನೋಡದೆ ತಾಯತ ಕಟ್ಟುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಪಿಂಗ್ ಬರೆದವರು ಮೈಕ್ ಮಸ್. ಅಮೆರಿಕದ ಸೇನೆಯ ಸಂಶೋಧನಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ ಅವರು 1983ರ ಡಿಸೆಂಬರ್‌ನಲ್ಲಿ ಈ ಪುಟ್ಟ ಪ್ರೋಗ್ರಾಂ ಬರೆದರು. ಹೆಸರು ಸೋನಾರ್‌ನ ಸದ್ದಿನಿಂದ ಬಂದದ್ದು. ಸೋನಾರ್ ನೀರಿನೊಳಗೆ ಒಂದು ಸದ್ದು ಬಿಡುತ್ತದೆ, ಪ್ರತಿಧ್ವನಿ ಬಂದರೆ ಅಲ್ಲೇನೋ ಇದೆ ಎಂದರ್ಥ. ಅಷ್ಟೇ. ಆ ದಾರಿಯಲ್ಲಿ ಹಡಗು ಹಿಡಿಸುತ್ತದೋ ಇಲ್ಲವೋ ಅದು ಹೇಳುವುದಿಲ್ಲ. ಪಿಂಗ್ ಕೂಡ ಹೇಳುವುದಿಲ್ಲ. ಆ ಭರವಸೆಯನ್ನು ಅದು ಯಾವತ್ತೂ ಕೊಟ್ಟಿರಲೂ ಇಲ್ಲ, ನಾವೇ ಸುಮ್ನೆ ಅದರ ತಲೆಗೆ ಕಟ್ಟಿದ್ದೇವೆ.

ಯಾಕೆ ಅಂದರೆ ಪಿಂಗ್ ಬಹಳ ಸಣ್ಣದು. ಲಿನಕ್ಸ್‌ನಲ್ಲಿ ಸುಮ್ಮನೆ ಪಿಂಗ್ ಮಾಡಿದರೆ ಹೊರಡುವ ಪ್ಯಾಕೆಟ್ (ಡೇಟಾದ ಒಂದು ಕಂತೆ) 84 ಬೈಟ್. ವಿಂಡೋಸ್‌ನಲ್ಲಿ 60. ಆದರೆ ಒಂದು ವೆಬ್ ಪೇಜ್ ಬರುವಾಗ ಪ್ಯಾಕೆಟ್‌ಗಳು 1500 ಬೈಟ್ ತುಂಬಿಕೊಂಡು ಬರುತ್ತವೆ, ಈಥರ್ನೆಟ್‌ನ ಮಾಮೂಲಿ ಮಿತಿ ಅದು. ಈ ಮಿತಿಗೇ ಎಂಟಿಯು ಅನ್ನುವುದು. ದಾರಿಯಲ್ಲಿ ಎಲ್ಲೋ ಒಂದು ಟನಲ್ ಇದೆ ಅಂತಿಟ್ಟುಕೊಳ್ಳಿ, ಅಂದರೆ ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ಇಟ್ಟು ಕಳಿಸುವ ದಾರಿ. ಜಿಆರ್‌ಇ ಎಂಬ ಬಗೆಯ ಟನಲ್ ತನ್ನ ಹೆಡರ್‌ಗಳಿಗೆ (ಮೇಲೆ ಅಂಟಿಸುವ ವಿಳಾಸದ ಚೀಟಿಗಳಿಗೆ) 24 ಬೈಟ್ ತೆಗೆದುಕೊಳ್ಳುತ್ತದೆ, ಉಳಿಯುವುದು 1476. ಬ್ರಾಡ್‌ಬ್ಯಾಂಡ್‌ನಲ್ಲಿ ಬಳಸುವ ಪಿಪಿಪಿಒಇ ಆದರೆ 8 ಬೈಟ್ ಹೋಗಿ 1492. ಪಿಂಗ್ ಹಿಡಿಸುತ್ತದೆ, 1500ರ ಪ್ಯಾಕೆಟ್ ಹಿಡಿಸುವುದಿಲ್ಲ.

ಇದನ್ನು ಓದಿ ತಲೆಯಾಡಿಸುವುದು ಸುಲಭ. ನಾನೂ ಎಷ್ಟೋ ವರ್ಷ ತಲೆಯಾಡಿಸಿದ್ದೆ. ಅರ್ಥ ಆದದ್ದು ಮಾತ್ರ ನಾನೇ ಕೈಯಾರೆ ಒಂದು ನೆಟ್‌ವರ್ಕ್ ಕೆಡಿಸಿದ ದಿನ.

ಇದಕ್ಕೆ ದುಬಾರಿ ರೂಟರ್ ಏನೂ ಬೇಡ. ಒಂದು ಲಿನಕ್ಸ್ ಲ್ಯಾಪ್‌ಟಾಪ್ ಸಾಕು. ನೆಟ್‌ವರ್ಕ್ ನೇಮ್‌ಸ್ಪೇಸ್ ಅಂತ ಒಂದು ಸೌಲಭ್ಯ ಇದೆ, ಅದರಲ್ಲಿ ಒಂದೇ ಮಷೀನಿನೊಳಗೆ ನಾಲ್ಕು ಬೇರೆ ಬೇರೆ ಮಷೀನುಗಳನ್ನು ಸೃಷ್ಟಿಸಬಹುದು: ಒಂದು ಕ್ಲೈಂಟ್, ಎರಡು ರೂಟರ್, ಒಂದು ಸರ್ವರ್. ನಡುವೆ ವರ್ಚುವಲ್ ಕೇಬಲ್. ರೂಟ್‌ಗಳನ್ನು, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂಬುದನ್ನು, ಕೈಯಿಂದಲೇ ಬರೆಯಿರಿ. ಮೊದಲ ಸಲ ಖಂಡಿತ ವಾಪಸ್ ಬರುವ ರೂಟ್ ಬರೆಯಲು ಮರೆಯುತ್ತೀರಿ. ಪ್ಯಾಕೆಟ್ ಹೋಗುತ್ತದೆ, ಉತ್ತರಕ್ಕೆ ದಾರಿ ಗೊತ್ತಿರುವುದಿಲ್ಲ. ಎಲ್ಲರೂ ಮರೆಯುತ್ತಾರೆ, ಬಿಡಿ.

ಈಗ ಎರಡು ರೂಟರ್‌ಗಳ ನಡುವಿನ ಕೇಬಲ್‌ನ ಎಂಟಿಯು ಎರಡೂ ತುದಿಯಲ್ಲಿ 1400 ಮಾಡಿ. ಪಿಂಗ್? ಆರಾಮಾಗಿ ಹೋಗುತ್ತದೆ. ಪೇಜ್? ಅದೂ ತೆರೆಯುತ್ತದೆ! ಯಾಕೆ ಅಂದರೆ ಪೇಜ್ ಹೊತ್ತು ತರುವ ಟಿಸಿಪಿ ಎಂಬ ಪದ್ಧತಿ ತನ್ನ ಪ್ಯಾಕೆಟ್‌ಗಳ ಮೇಲೆ "ಇದನ್ನು ತುಂಡು ಮಾಡಬೇಡಿ" ಎಂಬ ಗುರುತು ಹಾಕಿ ಕಳಿಸಿರುತ್ತದೆ. ಹಿಡಿಸದ ಪ್ಯಾಕೆಟ್ ಬಂದರೆ ರೂಟರ್ ಅದನ್ನು ಎಸೆದು, ಕಳಿಸಿದವರಿಗೆ ಒಂದು ಐಸಿಎಂಪಿ ಸಂದೇಶ (ನೆಟ್‌ವರ್ಕ್‌ನ ದೂರು, ಸುದ್ದಿ ಹೊರುವ ಬಗೆ, ಪಿಂಗ್ ಕೂಡ ಇದೇ ಬಗೆ) ಬರೆಯುತ್ತದೆ: ನನ್ನ ಮುಂದಿನ ದಾರಿ 1400 ಮಾತ್ರ, ಚಿಕ್ಕದು ಮಾಡಿ ಕಳಿಸು. ಸರ್ವರ್ ಕೇಳಿಸಿಕೊಂಡು ಸಣ್ಣದು ಮಾಡುತ್ತದೆ. 1990ರಲ್ಲೇ ಇಂಟರ್ನೆಟ್‌ನ ನಿಯಮದ ದಾಖಲೆಗಳಲ್ಲೊಂದಾದ ಆರ್‌ಎಫ್‌ಸಿ 1191ರಲ್ಲಿ ಬರೆದಿಟ್ಟ ವ್ಯವಸ್ಥೆ ಇದು.

ಇನ್ನು ಮುಖ್ಯವಾದ ಕಿಡಿಗೇಡಿತನ. ಸರ್ವರ್‌ಗೆ ಹತ್ತಿರದ ರೂಟರ್‌ನಲ್ಲಿ ಫೈರ್‌ವಾಲ್ ಹಾಕಿ ಆ ಒಂದು ಐಸಿಎಂಪಿ ಸಂದೇಶ ಹೊರಗೆ ಹೋಗದ ಹಾಗೆ ತಡೆಯಿರಿ. "ಐಸಿಎಂಪಿ ಅಂದರೆ ಅಪಾಯ, ಎಲ್ಲ ಬ್ಲಾಕ್ ಮಾಡಿ" ಎಂಬ ಮೂಢನಂಬಿಕೆ ಇನ್ನೂ ಜೀವಂತ ಇದೆಯಲ್ಲ, ಸರ್ವರ್ ಹಿಂದೆ ಕೇಳಿಸಿಕೊಂಡ 1400ರ ಮಾತು ಮರೆತ ಮೇಲೆ ಅದರ ಫಲ ಕಾಣುತ್ತದೆ. ತಗ್ಗು ಸೇತುವೆ ಕೆಳಗೆ ಸ್ಕೂಟರ್‌ನಂಥ ಸಣ್ಣ ಪ್ಯಾಕೆಟ್ ಹೋಗುತ್ತದೆ, ಲಾರಿಯಂಥ ದೊಡ್ಡದು ಹೋಗುವುದಿಲ್ಲ. ಇಷ್ಟೇ ಆಗಿದ್ದರೆ ಲಾರಿ ವಾಪಸ್ ಬಂದು ಹೇಳುತ್ತಿತ್ತು. ಇಲ್ಲಿ ಸೇತುವೆ ಕೆಳಗೆ ನಿಂತ ಕಾವಲುಗಾರ ಲಾರಿಯನ್ನು ಪುಡಿ ಮಾಡಿ ಹಾಕಿದ್ದಾನೆ, ವಿಷಯ ತಿಳಿಸಲು ಕಾಗದ ಬರೆದಿದ್ದಾನೆ, ಆದರೆ ಅಂಚೆಯವನನ್ನು ನೀವೇ ಕಟ್ಟಿಹಾಕಿದ್ದೀರಿ. ಗೋದಾಮಿನವನು ಅದೇ ಸರಕನ್ನು ಅದೇ ಅಳತೆಯ ಇನ್ನೊಂದು ಲಾರಿಗೆ ತುಂಬಿ ಕಳಿಸುತ್ತಾನೆ. ಮತ್ತೊಂದು. ಇನ್ನೊಂದು. ಬಾವಿಗೆ ಕಲ್ಲು ಹಾಕಿದರೂ ಸದ್ದಾದರೂ ಬರುತ್ತದೆ, ಇಲ್ಲಿ ಅದೂ ಇಲ್ಲ. ಸರ್ವರ್ ಕಡೆ ಟಿಸಿಪಿಡಂಪ್ (ಹೋಗಿ ಬರುವ ಪ್ಯಾಕೆಟ್‌ಗಳನ್ನು ತೋರಿಸುವ ಸಾಧನ) ಹಾಕಿ ನೋಡಿ, ಅದೇ ಸೀಕ್ವೆನ್ಸ್ (ಸರದಿ) ಸಂಖ್ಯೆ ಮತ್ತೆ ಮತ್ತೆ ಹೊರಡುವುದು, ಪ್ರತಿ ಸಲ ನಡುವಿನ ಅಂತರ ದುಪ್ಪಟ್ಟಾಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಅತ್ತ ಬ್ರೌಸರ್ "ಸಂಪರ್ಕ ಆಯಿತು" ಅಂತ ಹೇಳಿ ಸುತ್ತುತ್ತಲೇ ಇರುತ್ತದೆ. ಸಂಪರ್ಕ ಆದದ್ದು ನಿಜವೇ, ಟಿಸಿಪಿಯ ಮೊದಲ ಮೂರು ಪ್ಯಾಕೆಟ್‌ಗಳೂ ಸ್ಕೂಟರ್‌ಗಳೇ ಅಲ್ವಾ?

ಹಿಡಿಯುವ ಉಪಾಯ ಸುಲಭ. ಸರ್ವರ್ ಕಡೆಯಿಂದ ಕ್ಲೈಂಟ್‌ಗೆ ಹೊರಡುವ ಪಿಂಗ್‌ಗೇ ಹೊರೆ ಹೊರಿಸಿ, ತುಂಡು ಮಾಡಬೇಡಿ ಎಂಬ ಗುರುತಿನೊಂದಿಗೆ. 1472 ಬೈಟ್ ಡೇಟಾ, ಜೊತೆಗೆ ಐಸಿಎಂಪಿ ಹೆಡರ್‌ನ 8, ವಿಳಾಸ ಹೊತ್ತ ಐಪಿ ಹೆಡರ್‌ನ 20, ಒಟ್ಟು 1500. ಉತ್ತರ ಬರುವುದಿಲ್ಲ. ಇಳಿಸುತ್ತಾ ಬನ್ನಿ. ಈ ಲ್ಯಾಬ್‌ನಲ್ಲಿ 1373ಕ್ಕೆ ಮೌನ, 1372ಕ್ಕೆ ಉತ್ತರ. ಒಂದೇ ಬೈಟ್! ಮೊದಲ ಸಲ ಇದನ್ನು ನೋಡಿದಾಗ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದಿದ್ದೆ.

ಇದು ಗೊತ್ತಿಲ್ಲದ ಕಾಲದಲ್ಲಿ ನಾನಿದ್ದ ಒಂದು ಆಫೀಸಿನಲ್ಲಿ ಬಿಜಿಪಿ (ನೆಟ್‌ವರ್ಕ್‌ಗಳು ತಮ್ಮ ರೂಟ್‌ಗಳನ್ನು ಒಂದಕ್ಕೊಂದು ಹೇಳಿಕೊಳ್ಳುವ ಪದ್ಧತಿ) ಸೆಷನ್ ಒಂದು ಮೂರು ಮೂರು ನಿಮಿಷಕ್ಕೆ ಬೀಳುತ್ತಿತ್ತು. ನಾವು ರೂಟರ್ ರೀಸ್ಟಾರ್ಟ್ ಮಾಡುತ್ತಿದ್ದೆವು. ಸರಿಯಾಯಿತು ಅಂತ ಟೀಗೆ ಹೋಗುವಷ್ಟರಲ್ಲಿ ಮತ್ತೆ ಢಮಾರ್. ಕಾರಣ ಇದೇ. ಬಿಜಿಪಿ ಓಡುವುದು ಟಿಸಿಪಿ ಮೇಲೆ. "ಬದುಕಿದ್ದೇನೆ" ಎಂದು ಹೇಳುವ ಅದರ ಕೀಪ್‌ಅಲೈವ್ ಸಂದೇಶ ಬರೀ 19 ಬೈಟ್, ಹಾಗಾಗಿ ಸೆಷನ್ ಎದ್ದು ನಿಲ್ಲುತ್ತದೆ. ಆಮೇಲೆ ರೂಟ್‌ಗಳನ್ನು ಹೊತ್ತ ಅಪ್‌ಡೇಟ್ ಹೊರಡುತ್ತದೆ, ದೊಡ್ಡದು, ದಾರಿಯಲ್ಲಿ ಸಾಯುತ್ತದೆ. ಟಿಸಿಪಿ ಎಲ್ಲವನ್ನೂ ಸಾಲಿನಲ್ಲೇ ಒಪ್ಪಿಸುವುದರಿಂದ ಅದರ ಹಿಂದೆ ಹೊರಟ ಕೀಪ್‌ಅಲೈವ್‌ಗಳು ಅದು ತಲುಪುವವರೆಗೆ ಕಾಯಬೇಕು. ಸುದ್ದಿಗಾಗಿ ಕಾಯುವ 180 ಸೆಕೆಂಡಿನ ಹೋಲ್ಡ್ ಟೈಮರ್ ಮುಗಿಯುತ್ತದೆ, ಆ ಕಡೆಯ ರೂಟರ್ "ಇವನು ಸತ್ತ" ಅಂತ ಸೆಷನ್ ಕಡಿದುಹಾಕುತ್ತದೆ. ನಮ್ಮ ತಾಯತಕ್ಕೆ ನಿಖರವಾಗಿ ಮೂರು ನಿಮಿಷದ ಶಕ್ತಿ ಇತ್ತು.

ಒಂದೇ ಸಂಸ್ಥೆಯೊಳಗಿನ ರೂಟರ್‌ಗಳು ದಾರಿ ಹೇಳಿಕೊಳ್ಳುವ ಒಎಸ್‌ಪಿಎಫ್ ಎಂಬ ಪದ್ಧತಿಯ ಮೇಲೂ ಇದೇ ಆಟ ಆಡಿ ನೋಡಿ. ಲಿನಕ್ಸನ್ನು ರೂಟರ್ ಮಾಡುವ ಎಫ್‌ಆರ್‌ಆರ್ ಎಂಬ ಉಚಿತ ತಂತ್ರಾಂಶ ಹಾಕಿ, ಒಂದೇ ಕೇಬಲ್‌ನ ಎರಡು ತುದಿಗೆ ಬೇರೆ ಬೇರೆ ಎಂಟಿಯು ಕೊಡಿ. ಹಲೋ ಸಂದೇಶಗಳು ಸಣ್ಣವು, ಪಕ್ಕದವರು ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ಆದರೆ ಸಂಬಂಧ ಎಕ್ಸ್‌ಸ್ಟಾರ್ಟ್ ಹಂತದಲ್ಲೋ ಎಕ್ಸ್‌ಚೇಂಜ್ ಹಂತದಲ್ಲೋ ಸಿಕ್ಕಿಕೊಂಡು ಮುಂದಕ್ಕೆ ಹೋಗುವುದೇ ಇಲ್ಲ. ಒಎಸ್‌ಪಿಎಫ್ ಜಾಣ, ಡೇಟಾಬೇಸ್ ವಿವರದ ಪ್ಯಾಕೆಟ್‌ನಲ್ಲಿ ತನ್ನ ಎಂಟಿಯು ಬರೆದೇ ಕಳಿಸುತ್ತದೆ, ತನಗಿಂತ ದೊಡ್ಡದು ಕಂಡವರು ಒಪ್ಪುವುದಿಲ್ಲ. ಇದಕ್ಕೆ ಜನ ಹುಡುಕಿಕೊಳ್ಳುವ ಪರಿಹಾರ "ಎಂಟಿಯು ಇಗ್ನೋರ್" ಎಂಬ ಕಮಾಂಡ್. ಜ್ವರ ಬಂದರೆ ಥರ್ಮಾಮೀಟರ್ ಒಡೆದು ಹಾಕುವ ವೈದ್ಯ. ಹತ್ತು ರೂಟ್ ಇರುವವರೆಗೆ ಎಲ್ಲ ಚೆನ್ನಾಗಿರುತ್ತದೆ, ನೆಟ್‌ವರ್ಕ್ ಬೆಳೆದು ಪ್ಯಾಕೆಟ್‌ಗಳು ದಪ್ಪಗಾದ ದಿನ ಗೊತ್ತಾಗುತ್ತದೆ.

ಇಂಟರ್ನೆಟ್ ವಿಳಾಸದ ಹೊಸ ಬಗೆಯಾದ ಐಪಿವಿ6 ಇನ್ನೂ ಮಜಾ. ಅಲ್ಲಿ ರೂಟರ್‌ಗಳು ಪ್ಯಾಕೆಟ್ ತುಂಡು ಮಾಡುವುದೇ ಇಲ್ಲ, ಯಾವ ಲಿಂಕ್ ಆದರೂ 1280 ಬೈಟ್ ಹೊರಲೇಬೇಕು. ನಿಮ್ಮ ಲ್ಯಾಬ್‌ನಲ್ಲಿ ಆ ಕೇಬಲ್‌ಗೆ ಐಪಿವಿ6 ವಿಳಾಸ ಕೊಟ್ಟು, ಆಮೇಲೆ ಎಂಟಿಯು 1200ಕ್ಕೆ ಇಳಿಸಿ. ಲಿನಕ್ಸ್ ಬೈಯುವುದಿಲ್ಲ, ಎಚ್ಚರಿಸುವುದೂ ಇಲ್ಲ, ಕಮಾಂಡ್ ತಣ್ಣಗೆ ಮುಗಿಯುತ್ತದೆ. ಈಗ ವಿಳಾಸಗಳ ಪಟ್ಟಿ ತೆಗೆದು ನೋಡಿ: ಐಪಿವಿ6 ವಿಳಾಸವೇ ಮಾಯ. ಹಳೆಯ ಬಗೆಯ ಐಪಿವಿ4 ಪಿಂಗ್ ಮಾತ್ರ ಏನೂ ಆಗದವರ ಹಾಗೆ ಹೋಗುತ್ತಲೇ ಇರುತ್ತದೆ.