ಪದ ಪರಿಚಯ: ವಾಟ

ಸ್ನಾನ ಮುಗಿದು ಎಷ್ಟೋ ಹೊತ್ತಾದರೂ ಬಚ್ಚಲ ಮೂಲೆಯಲ್ಲಿ ನೀರು ಹಾಗೇ ನಿಂತಿದ್ದರೆ ಗಾರೆ ಕೆಲಸದವರು ಹೇಳುವುದು ಒಂದೇ ಮಾತು: ವಾಟ ಸರಿಯಿಲ್ಲ. ನೀರು ತಾನಾಗಿ ಹರಿದುಹೋಗಲೆಂದು ನೆಲ, ತಾರಸಿ, ಅಂಗಳ, ಪೈಪುಗಳಿಗೆ ಬೇಕೆಂದೇ ಕೊಡುವ ಇಳಿಜಾರೇ ವಾಟ. ಅದು ಕಡಿಮೆಯಾಯಿತು, ಜಾಸ್ತಿಯಾಯಿತು ಎಂದು ಜನ ದೂರುತ್ತಾರೆ. ನನ್ನನ್ನು ಕೇಳಿದರೆ, ಹೆಚ್ಚಾಗಿ ಕೆಡುವುದು ಪ್ರಮಾಣವಲ್ಲ, ದಿಕ್ಕು. ನೀರು ಕೊನೆಗೆ ಎಲ್ಲಿ ಸೇರಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳದೆ ಎಷ್ಟು ವಾಟ ಕೊಟ್ಟರೂ ಅದು ತಪ್ಪು ಜಾಗಕ್ಕೆ ಬೇಗ ತಲುಪುತ್ತದೆ, ಅಷ್ಟೆ.

ವಾಟ ಹೇಳಲು ಎರಡು ಅಳತೆ ಬೇಕು: ಅಡ್ಡಲಾಗಿ ಎಷ್ಟು ದೂರ, ಅಷ್ಟರೊಳಗೆ ಎಷ್ಟು ಇಳಿತ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಇಳಿದರೆ 1:100, ಅಂದರೆ ಶೇ. 1. ಡಿಗ್ರಿಯಲ್ಲಿ ಅದು ಅರ್ಧಕ್ಕಿಂತ ತುಸು ಹೆಚ್ಚು. ಕಣ್ಣಿಗೆ ಕಾಣದು, ನೀರಿಗೆ ಮಾತ್ರ ಗೊತ್ತಾಗುತ್ತದೆ. ಶೇಕಡಾವನ್ನೂ ಡಿಗ್ರಿಯನ್ನೂ ಕಲಸಿಕೊಳ್ಳುವವರು ಬಹಳ ಮಂದಿ. ಶೇ. 100ರ ಇಳಿಜಾರು ಎಂದರೆ ನೆಟ್ಟಗೆ ನಿಂತ ಗೋಡೆಯಲ್ಲ, 45 ಡಿಗ್ರಿ.

ಅಳೆಯುವುದು ಸುಲಭ. ಒಂದು ಮೀಟರ್ ಉದ್ದದ ನೇರ ಹಲಗೆಯನ್ನು ನೆಲದ ಮೇಲಿಟ್ಟು, ಅದರ ಮೇಲೆ ರಸಮಟ್ಟ (ಗಾಜಿನ ಕೊಳವೆಯೊಳಗಿನ ಗುಳ್ಳೆಯಿಂದ ಮಟ್ಟ ತೋರಿಸುವ ಉಪಕರಣ) ಇಡಿ. ಗುಳ್ಳೆ ನಡುವಿಗೆ ಬರುವವರೆಗೆ ತಗ್ಗಿನ ಕಡೆಯ ತುದಿಯನ್ನು ಎತ್ತಿ, ಆ ತುದಿಯ ಕೆಳಗಿನ ಸಂದನ್ನು ಅಳೆಯಿರಿ. 2 ಸೆಂ.ಮೀ. ಇದ್ದರೆ ವಾಟ ಶೇ. 2. ದೂರ ಹೆಚ್ಚಿದ್ದರೆ ನೀರು ತುಂಬಿದ ಪಾರದರ್ಶಕ ಟ್ಯೂಬೇ ವಾಸಿ. ನಡುವೆ ಗೋಡೆಯ ಮೂಲೆ ಅಡ್ಡ ಬಂದರೂ ಎರಡು ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಳಗೆ ಗಾಳಿಗುಳ್ಳೆ ಉಳಿದಿರಬಾರದು, ಅಷ್ಟು ನೋಡಿಕೊಂಡರೆ ಸಾಕು.

ಬಚ್ಚಲ ನೆಲಕ್ಕೆ ಸಾಮಾನ್ಯವಾಗಿ ಶೇ. 1ರಿಂದ 2ರಷ್ಟು ವಾಟ ಕೊಡುತ್ತಾರೆ. ತೊಡಕಿರುವುದು ಆಕಾರದಲ್ಲಿ. 2 ಮೀಟರ್ ಉದ್ದ, 1 ಮೀಟರ್ ಅಗಲದ ಬಚ್ಚಲಿನ ನಟ್ಟನಡುವೆ ಜಾಲರಿ ಇದೆ ಎನ್ನಿ. ಗೋಡೆಯ ಬುಡ ಸುತ್ತಲೂ ಒಂದೇ ಮಟ್ಟದಲ್ಲಿದ್ದು, ಜಾಲರಿ ಅದಕ್ಕಿಂತ 1 ಸೆಂ.ಮೀ. ಕೆಳಗಿದ್ದರೆ, ಉದ್ದದ ದಿಕ್ಕಿನಲ್ಲಿ ಒಂದು ಮೀಟರಿಗೆ ಅಷ್ಟು ಇಳಿತ, ಶೇ. 1. ಅಗಲದ ದಿಕ್ಕಿನಲ್ಲಿ ಅರ್ಧ ಮೀಟರಿಗೇ ಅದೇ ಇಳಿತ, ಹಾಗಾಗಿ ಶೇ. 2. ಅಲ್ಲಿಗೆ ನೆಲ ಒಂದೇ ಸಮತಲವಾಗಿ ಉಳಿಯಲಿಲ್ಲ. ನಾಲ್ಕು ಮುಖಗಳಾಗಿ ಒಡೆಯಿತು, ನಾಲ್ಕು ಮೂಲೆಗಳಿಂದ ಜಾಲರಿಯವರೆಗೆ ನಾಲ್ಕು ಮಡಿಕೆ ಬಿತ್ತು. ದೊಡ್ಡ ಟೈಲ್ಸ್ ಬಗ್ಗುವುದಿಲ್ಲವಾದ್ದರಿಂದ ಆ ಮಡಿಕೆಯ ಗೆರೆಗೆ ಸರಿಯಾಗಿ ಕತ್ತರಿಸಲೇಬೇಕು. ಇಲ್ಲದಿದ್ದರೆ ಅಂಚು ಎದ್ದು ಕಾಲಿಗೆ ತಗಲುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಚಿಕ್ಕ ಟೈಲ್ಸ್ ಆದರೆ ಸಂದುಗಳು ಹೆಚ್ಚು, ಮಡಿಕೆಗೆ ಹೊಂದಿಕೊಳ್ಳುತ್ತವೆ. ಕಾಲಿಗೂ ಹಿಡಿತ ಸಿಗುತ್ತದೆ. ದೊಡ್ಡ ಟೈಲ್ಸೇ ಬೇಕೆನ್ನುವವರು ಒಂದು ಗೋಡೆಯುದ್ದಕ್ಕೂ ಹೋಗುವ ಉದ್ದನೆಯ ಜಾಲರಿ ಹಾಕಿಸುವುದು ಒಳ್ಳೆಯದು. ಆಗ ಇಡೀ ನೆಲ ಒಂದೇ ಕಡೆಗೆ ಇಳಿಯುತ್ತದೆ, ಮಡಿಕೆಯ ತಂಟೆಯೇ ಇಲ್ಲ.

ಆಗಲೇ ವಾಟ ತಪ್ಪಿರುವ ನೆಲದ ಮೇಲೆ ತೆಳ್ಳಗೆ ಸಿಮೆಂಟು ಬಳಿದು ಸರಿಮಾಡಲು ಹೋಗುವುದುಂಟು. ತೆಳು ಪದರ ಬಿರುಕು ಬಿಟ್ಟು ಎದ್ದುಬರುತ್ತದೆ. ಕೆಳಗೆ ಪೈಪಿಗೆ ಜಾಗವಿದ್ದರೆ, ನೀರು ನಿಲ್ಲುವ ಕಡೆಗೇ ಇನ್ನೊಂದು ಜಾಲರಿ ಕೂರಿಸುವುದು ಕೆಲವೊಮ್ಮೆ ಕಡಿಮೆ ಕೆಲಸ. ನೀರು ಸೋರದಂತೆ ಕೆಳಗೆ ಹಾಕಿರುವ ಪದರವನ್ನು ಕೊರೆದ ಜಾಗದಲ್ಲಿ ಮತ್ತೆ ಮುಚ್ಚುವುದನ್ನು ಮರೆಯಬಾರದು.

ಪೈಪಿನ ವಿಷಯದಲ್ಲಿ ವಾಟಕ್ಕಿಂತಲೂ ಅದು ಒಂದೇ ಸಮ ಇರುವುದು ಮುಖ್ಯ. ನಡುವೆ ಎಲ್ಲಾದರೂ ಹೊಟ್ಟೆ ಬಿದ್ದರೆ ಕಸ ಅಲ್ಲೇ ಕೂರುತ್ತದೆ.

ವಾಟವಿರುವ ನೆಲದ ಮೇಲೆ ನೇರವಾದ ವಸ್ತು ಕೂರಿಸುವುದೂ ಒಂದು ತಲೆನೋವು. ಬಟ್ಟೆ ಒಗೆಯುವ ಯಂತ್ರಕ್ಕೆ ತಿರುಪಿನ ಕಾಲುಗಳಿರುವುದು ಇದಕ್ಕೇ. ಮರದ ಕಪಾಟಿನ ಅಡಿಪಟ್ಟಿಯನ್ನು ಮೊದಲು ಮಟ್ಟವಾಗಿ ನಿಲ್ಲಿಸಿ, ಅತಿ ದೊಡ್ಡ ಸಂದಿನಷ್ಟು ದಪ್ಪದ ತುಂಡೊಂದಕ್ಕೆ ಪೆನ್ಸಿಲ್ ಒತ್ತಿಹಿಡಿದು ನೆಲದ ಮೇಲೆ ಎಳೆಯುತ್ತಾ ಹೋದರೆ, ನೆಲದ ಓರೆಯೆಲ್ಲ ಪಟ್ಟಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಆ ಗೆರೆಗೆ ಕತ್ತರಿಸಿದರೆ ಸಂದಿಲ್ಲದೆ ಕೂರುತ್ತದೆ.

ಗಾಲಿಕುರ್ಚಿಯ ಇಳಿಜಾರಿಗೆ ಬಹಳ ಕಡೆ ಒಪ್ಪಿರುವ ಗರಿಷ್ಠ ಮಿತಿ 1:12, ಐದು ಡಿಗ್ರಿಗೂ ಕಡಿಮೆ. ಮೂರು ಮೆಟ್ಟಿಲು ಸೇರಿ 45 ಸೆಂ.ಮೀ. ಎತ್ತರವಾದರೆ ಇಳಿಜಾರಿನ ಉದ್ದ 5.4 ಮೀಟರ್ ಬೇಕು. ಮೆಟ್ಟಿಲಿದ್ದಷ್ಟೇ ಜಾಗದಲ್ಲಿ ಇದನ್ನು ಮುಗಿಸಲು ಹೊರಟರೆ ಆಗುವುದು ಜಾರುಬಂಡೆ.

ಮನೆಯ ಹೊರಗೆ ದಿಕ್ಕಿನ ಮಾತು ಇನ್ನೂ ನಿಜ. ನೆಲ ಗೋಡೆಯಿಂದ ಆಚೆಗೆ ಇಳಿಯಬೇಕು. ಮಣ್ಣಿನ ಅಂಗಳದಲ್ಲಿ ಮೊದಲ 10 ಅಡಿಗೆ 6 ಇಂಚು, ಅಂದರೆ ಶೇ. 5 ಇದ್ದರೆ ಒಳ್ಳೆಯದು. ಆಮೇಲೆ ಗೋಡೆಗೆ ಒತ್ತಿ ಹೂಗಿಡದ ಪಾತಿ ಮಾಡಿ ಅಂಚಿಗೆ ಇಟ್ಟಿಗೆ ಕಟ್ಟಿದರೆ ಕೊಟ್ಟ ವಾಟವೆಲ್ಲ ವ್ಯರ್ಥ. ಪಾತಿಯ ನೀರು ತಳಪಾಯಕ್ಕೇ ಇಳಿಯುತ್ತದೆ.

ತೋಟದ ಇಳಿಜಾರು 1:3ಕ್ಕಿಂತ ಕಡಿದಾಗಿದ್ದರೆ ಹುಲ್ಲುಹಾಸಿನ ಆಸೆ ಬಿಡುವುದು ಲೇಸು. ಹುಲ್ಲು ಕತ್ತರಿಸುವ ಯಂತ್ರ ಹಿಡಿದು ನಿಲ್ಲುವುದೇ ಅಪಾಯ. ಒಂದೇ ಎತ್ತರದ ಗೆರೆ ಹಿಡಿದು ಸಾಲಾಗಿ ಲಾವಂಚ ನೆಟ್ಟರೆ ಅದರ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ಮಣ್ಣನ್ನು ಮಜಲು ಮಜಲಾಗಿ ಕಡಿದು ತಡೆಗೋಡೆ ಕಟ್ಟುವುದಾದರೆ, ಗೋಡೆಯನ್ನು ಉರುಳಿಸುವುದು ಬಹಳ ಸಲ ಒಣಮಣ್ಣಲ್ಲ, ಹಿಂದೆ ನಿಂತ ನೀರಿನ ಒತ್ತಡ ಎಂಬುದು ನೆನಪಿರಲಿ. ಗೋಡೆಯ ಬೆನ್ನಿಗೆ ಜಲ್ಲಿ ತುಂಬಿ, ಬುಡದಲ್ಲಿ ನೀರು ಹೋಗಲು ತೂತು ಬಿಡಬೇಕು, ಆ ತೂತಿನ ಪೈಪಿಗೂ ಹೊರಕ್ಕೆ ವಾಟ ಇರಬೇಕು. ಗೋಡೆ ಒಂದು ಮೀಟರ್ ದಾಟುವುದಾದರೆ ಎಂಜಿನಿಯರಿಗೆ ತೋರಿಸಿಯೇ ಕಟ್ಟಿಸಿ.